ಕೆರೆಯ ದಂಡೆಯಲ್ಲಿ ಕಮಲಾ ಮೌಶಿ

ಕಮಲಾ ಮೌಶಿ ಹಕ್ಕಿ ನೋಡಲು ಹೋದಾಗಲೆಲ್ಲ ಹಕ್ಕಿಗಳನ್ನು ಹಾರಿಸಿಬಿಡುತ್ತಿದ್ದರು. ಜೊಂಡಿನ ಸಂದಿಯಿಂದ ಒಂದು ಜಂಬುಕೋಳಿ ತಲೆ ಹೊರಹಾಕಿದರೆ ಸಾಕು, "ಬಂತು ನೋಡು, ಬಂತು ನೋಡು" ಎನ್ನುತ್ತ ಸೀರೆಯ ನೆರಿಗೆ ಎತ್ತಿ ಹಿಡಿದು ಅದರ ಕಡೆಗೇ ನಡೆದುಬಿಡುವರು. ಅದು ಒಳಗೆ ಸರಿದ ಮೇಲೆ, ಗದ್ದಲ ಮಾಡಿದ್ದು ನಾನೇ ಎಂಬಂತೆ ನನ್ನತ್ತ ನೋಡುವರು.

ಬೇಗಂಪೇಟೆಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಹಡಿಯಲ್ಲಿ ಅವರಿದ್ದರು. ಬೀದರ್ ಕಡೆಯವರು; ಚಿಕ್ಕಮ್ಮನನ್ನು ಕರೆದಂತೆ ನಾನೂ ಅವರನ್ನು ಮೌಶಿ ಎನ್ನುತ್ತಿದ್ದೆ. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾಗಿದ್ದರು. ಗಂಡ ತೀರಿಕೊಂಡ ಮೇಲೆ ತಮ್ಮನಾದ ಸುಧಾಕರರ ಈ ಮನೆಗೆ ಬಂದು ನಿಂತಿದ್ದರು. ಎಲ್ಲಿ ನೋಡಿದರೂ ಕಟ್ಟಡ ಏಳುತ್ತಿದ್ದ ವರ್ಷಗಳವು. ಸುಧಾಕರರು ಮಣ್ಣು, ಜಲ್ಲಿ ಸಾಗಿಸುವ ಗುತ್ತಿಗೆ ಹಿಡಿದು ನಾಲ್ಕಾರು ಟಿಪ್ಪರ್‌ಗಳ ಮಾಲೀಕರಾಗಿದ್ದರು. ನಾನು ಬಾಗಲಕೋಟೆಯಿಂದ ಬಂದು ಮಾದಾಪುರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದೆ. ರಜೆಯ ದಿನವೂ ಆಫೀಸಿನ ಕರೆ ಬಂದೀತೆಂದು ಫೋನನ್ನೇ ನೋಡುತ್ತ ಕೂರುತ್ತಿದ್ದೆ.

"ಅದನ್ನೇನು ನೋಡ್ಕೋತ ಕುಂತಿ? ನಡಿ, ಜೀವ ಇದ್ದಿದ್ದು ಏನರೆ ನೋಡೂಣು" ಎಂದು ಒಂದು ಭಾನುವಾರ ಮೌಶಿ ನನ್ನನ್ನು ಸ್ಕೂಟರಿಗೆ ಹತ್ತಿಸಿಕೊಂಡರು. ಗಚ್ಚಿಬೌಲಿಯ ಆಚೆ, ಬಂಡೆಗಳ ನಡುವೆ ಒಂದು ಕೆರೆ. ಮಾರುದ್ದದ ಕ್ಯಾಮೆರಾ ಹಿಡಿದು ಉಸಿರು ಬಿಗಿಹಿಡಿದು ಕುಳಿತ ಒಂದು ಗುಂಪು ಅಲ್ಲಿತ್ತು. ಅವರಲ್ಲೊಬ್ಬರು ಸ್ವಲ್ಪ ಸುಮ್ಮನಿರುವಂತೆ ಕೇಳಿಕೊಂಡರು. ಹಾರುವವು ಹೇಗೂ ಹಾರುತ್ತವೆ ಎಂದು ದಖ್ಖನಿ ಉರ್ದುವಿನಲ್ಲೇ ಉತ್ತರ ಕೊಟ್ಟು, ಮೌಶಿ ನನ್ನ ಕೈ ಹಿಡಿದು ಆಚೆ ದಂಡೆಗೆ ಎಳೆದುಕೊಂಡು ಹೋದರು. ಅಂದಿನಿಂದ ಆಚೆ ದಂಡೆಯೇ ನಮ್ಮದಾಯಿತು. ಅಲ್ಲಿಯೂ ಅವರು ಒಂದೆಡೆ ನಿಂತವರಲ್ಲ. ಬಾತುಕೋಳಿ ನೋಡುವಾಗಲೇ ಬೆಳ್ಳಕ್ಕಿಯ ಚಿಂತೆ. ಬೆಳ್ಳಕ್ಕಿ ಕಂಡೊಡನೆ, ಮಿಂಚುಳ್ಳಿ ಆ ಕಡೆ ಬಂದಿರಬಹುದು ಎಂಬ ಅವಸರ.

ಬೇಸಿಗೆ ಬಂದಾಗ ನಮ್ಮ ದಂಡೆಗೆ ಯಾರೋ ಮಣ್ಣು ಸುರಿಯತೊಡಗಿದರು. ವಾರದಿಂದ ವಾರಕ್ಕೆ ನೀರು ಹಿಂದೆ ಸರಿಯುತ್ತಿತ್ತು. ಒಂದು ಬೆಳಿಗ್ಗೆ ಟಿಟ್ಟಿಭ ಹಕ್ಕಿಯೊಂದು ಚೀರುತ್ತ ನಮ್ಮ ತಲೆಯ ಮೇಲೇ ಎರಗಿ ಬಂತು. ಕೆಳಗೆ ನೋಡಿದರೆ ಜಲ್ಲಿಯ ನಡುವೆ ಜಲ್ಲಿಯದೇ ಬಣ್ಣದ ಮೊಟ್ಟೆಗಳು. ಅಷ್ಟರಲ್ಲಿ ಟಿಪ್ಪರೊಂದು ಹಿಮ್ಮುಖವಾಗಿ ಅತ್ತಲೇ ಬರತೊಡಗಿತು. ಮೌಶಿ ಓಡಿಹೋಗಿ ಸ್ಕೂಟರನ್ನು ಅದಕ್ಕೆ ಅಡ್ಡ ನಿಲ್ಲಿಸಿ ಮುಂದೆ ನಿಂತುಬಿಟ್ಟರು. ಡ್ರೈವರ್ ಹಾರ್ನ್ ಹೊಡೆದ, ತೆಲುಗಿನಲ್ಲಿ ಬೇಡಿಕೊಂಡ, ಕೊನೆಗೆ ಮಾಲೀಕರಿಗೆ ಫೋನ್ ಮಾಡಿದ. ಜೀಪಿನಿಂದ ಇಳಿದವರು ಸುಧಾಕರರು.

ಈ ಗುತ್ತಿಗೆ ತಮ್ಮನದೆಂದು ಮೌಶಿಗೆ ಅಲ್ಲಿಯತನಕ ಗೊತ್ತಿರಲಿಲ್ಲ.

"ಅಕ್ಕಾ, ಮಂದಿ ನೋಡಾಕತ್ತಾರ. ಮನೀಗಿ ನಡಿ."

ಮೌಶಿ ಮೊಟ್ಟೆಗಳತ್ತ ಕೈ ತೋರಿಸಿದರು. "ಇವು ಒಡದು ಮರಿ ಹೋಗೂತನಕ ಈ ಮೂಲಿಗಿ ಮಣ್ಣ ಹಾಕಬ್ಯಾಡ, ಸುಧಾ. ಇಷ್ಟರೆ ಮಾಡ್ತೀಯೇನು?"

ಡ್ರೈವರುಗಳ ಎದುರು ಸುಧಾಕರರು ತಲೆ ಕೆರೆದುಕೊಂಡರು. "ಆತು. ಮರಿ ಹೋಗೂತನಕ" ಎಂದರು.

ಮುಂದಿನ ದಿನಗಳಲ್ಲಿ ಮೌಶಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ದಿನವೂ ಬೆಳಿಗ್ಗೆ ಕೆರೆಗೆ ಹೋಗಿ ಬರುವರು. ಬಂದ ಮೇಲೂ ನಾಯಿ ಬಂದೀತು, ಹಾವು ಬಂದೀತು ಎಂದು ಬಾಲ್ಕನಿಗೂ ಅಡಿಗೆಮನೆಗೂ ತಿರುಗುವರು. ನಾನು ಜೊತೆಗೆ ಹೋದ ಒಂದು ದಿನ ಮೊಟ್ಟೆ ಒಡೆದಿದ್ದವು. ಕಡ್ಡಿ ಕಾಲಿನ ಮರಿಗಳು ತಾಯಿಯ ಹಿಂದೆ ತಡವರಿಸುತ್ತ ನೀರಿನ ಕಡೆ ಹೋಗಿ ಜೊಂಡಿನಲ್ಲಿ ಮರೆಯಾದವು. ಮೌಶಿ ಅವುಗಳ ಹಿಂದೆ ಓಡದೆ, ನನ್ನ ತೋಳು ಹಿಡಿದು ನಿಂತಲ್ಲೇ ನಿಂತರು.

ಮರುದಿನ ಟಿಪ್ಪರ್‌ಗಳು ಆ ಮೂಲೆಗೂ ಬಂದವು. ಸುಧಾಕರರು ಕೊಟ್ಟ ಮಾತಿಗೆ ತಪ್ಪಿರಲಿಲ್ಲ. ಜಗಳ ಆಡಲೂ ಕಾರಣವಿಲ್ಲದೆ ಮೌಶಿ ಇನ್ನಷ್ಟು ಚಡಪಡಿಸಿದರು. ಮಳೆಗಾಲಕ್ಕೆ ಮೊದಲೇ ಅಬಿಡ್ಸ್‌ನಲ್ಲಿ ಒಂದು ಕೋಣೆ ಹಿಡಿದು ಹೊರಟುಬಿಟ್ಟರು.

"ಅಂವಂದೇನೂ ತಪ್ಪಿಲ್ಲ" ಎಂದರು, ಗಂಟು ಕಟ್ಟುತ್ತ. "ನಾ ಕೇಳಿದ್ದು ಕೊಟ್ಟಾನ. ನಾನ ಭಾಳ ಕಡಿಮಿ ಕೇಳಿದೆ. ಈ ಮನ್ಯಾಗ ನನಗ ನಿದ್ದಿ ಬರವಲ್ದು."

ಆಮೇಲೂ ನಾವು ಆಗಾಗ ಸುತ್ತಾಡಿದೆವು. ಶಂಶಾಬಾದಿನ ಕಡೆ, ಇನ್ನೂ ಆಚೆ, ಎಲ್ಲಿ ನೀರಿದೆ ಎಂದು ಯಾರು ಹೇಳಿದರೂ ಅಲ್ಲಿಗೆ. ಮೌಶಿ ಹಕ್ಕಿಗಳಿಗಿಂತ ಮೊದಲು ದಂಡೆಯನ್ನು ನೋಡುವರು. ಮಣ್ಣಿನ ಹೊಸ ಗುಡ್ಡೆ ಕಂಡರೆ ಸ್ಕೂಟರ್ ಇಳಿಯದೆಯೇ ತಿರುಗಿಸುವರು. ಸುಧಾಕರರು ಮನೆಗೆ ಕರೆಯಲು ಬಂದಾಗಲೆಲ್ಲ ಚಹಾ ಮಾಡಿಕೊಟ್ಟು, ಬೇರೆ ಮಾತಾಡಿ ಕಳಿಸುತ್ತಿದ್ದರಂತೆ.

ಕೆಲವು ವರ್ಷಗಳ ಮೇಲೆ ಅವರು ಆಸ್ಪತ್ರೆ ಸೇರಿದ ಸುದ್ದಿ ತಿಳಿದು ಹೋದೆ. ಹೊರಗೆ ವರಾಂಡದಲ್ಲಿ ಸುಧಾಕರರು ಊಟದ ಡಬ್ಬಿ ಹಿಡಿದು ನಿಂತಿದ್ದರು. ಅಕ್ಕ ಮೂರು ಹೊತ್ತೂ ಡಬ್ಬಿ ವಾಪಸು ಕಳಿಸುತ್ತಾಳೆ, ನೀವಾದರೂ ಹೇಳಿ ಎಂದರು. ಒಳಗೆ ಮೌಶಿ ಹಾಸಿಗೆಯಲ್ಲಿ ಸಣ್ಣಗಾಗಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ಸುಧಾ ಹೊರಗದಾನೇನು?" ಎಂದು ಕೇಳಿದರು. ಹೌದೆಂದೆ.

"ನನಗಂತೂ ಇಳಿಯೂದಿಲ್ಲ. ಅದನ್ನ ಅವಗ ಉಣ್ಣಾಕ ಹೇಳು. ಸಣ್ಣಂವ ಇದ್ದಾಗಿಂದ ಹಸಿವಿ ತಡಿಯೂದಿಲ್ಲ ಅಂವಗ."

ಹೊರಗೆ ಹೋಗಿ ಹಾಗೆಯೇ ಹೇಳಿದೆ. ಸುಧಾಕರರು ನನ್ನನ್ನೇ ನೋಡಿದರು. ಆಮೇಲೆ ಬೆಂಚಿನ ಮೇಲೆ ಕುಳಿತು ಡಬ್ಬಿ ಬಿಚ್ಚಿ, ತಲೆ ತಗ್ಗಿಸಿ ರೊಟ್ಟಿ ಮುರಿದರು. ನಾನು ಒಳಗೆ ಬಂದಾಗ ಮೌಶಿಯ ಕಣ್ಣು ಬಾಗಿಲ ಮೇಲೇ ಇತ್ತು.

"ಉಂಡನೇನು?"

"ಉಣ್ಣಾಕತ್ತಾರ್ರಿ, ಮೌಶಿ" ಎಂದೆ.

ನಾನು ಅವರೊಂದಿಗೆ ಆಡಿದ ಕೊನೆಯ ಮಾತು ಅದೇ.