ಅವಳು ಬಿಟ್ಟು ಹೋದ ಕೊಡ

ಅಂದು ಮುಂಜಾನೆ ಅಂಗಳ ಸಾರಿಸಿದೆ. ಆಡಿನ ಹಿಕ್ಕೆ ಗುಡಿಸಿದೆ. ಬಾವಿಗೆ ಹೋಗಿ ಎರಡು ಕೊಡ ನೀರು ಹಾಕಿಸಿಕೊಂಡು ಬಂದೆ. ಜೋಳ ಬೀಸಿದೆ, ರೊಟ್ಟಿ ಬಡಿದೆ, ಕೂಲಿಗೆ ಹೊರಟ ಗಂಡನಿಗೂ ಅತ್ತೆಗೂ ಬುತ್ತಿ ಕಟ್ಟಿದೆ. ಕೌದಿಗೆ ಎರಡು ಸಾಲು ಹೊಲಿಗೆ ಹಾಕುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು.

ಆಗ ನಿಜಾಮರ ಆಳ್ವಿಕೆ. ಮಸ್ಕಿಗೂ ಸಂತೆಕಲ್ಲೂರಿಗೂ ನಡುವಿನ ಹಳ್ಳಿಯೊಂದರ ಕೇರಿಗೆ ನಾನು ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಕೇರಿಯ ನಾಲ್ಕಾರು ಮನೆಯವರು ದೀಕ್ಷಾಸ್ನಾನ ಪಡೆದು ಕ್ರೈಸ್ತರಾಗಿದ್ದೆವು. ಬಾವಿಯ ರಿವಾಜು ಮಾತ್ರ ಬದಲಾಗಿರಲಿಲ್ಲ. ನಾವು ಹಗ್ಗ ಮುಟ್ಟುವಂತಿರಲಿಲ್ಲ. ಕಟ್ಟೆಯ ಕೆಳಗೆ ಕೊಡ ಇಟ್ಟು ಕಾಯಬೇಕು. ಮೇಲಿನ ಜಾತಿಯವರು ಯಾರಾದರೂ ಸೇದಿ, ಎತ್ತರದಿಂದ ಸುರಿಯಬೇಕು. ಬಾವಿಯ ಪಕ್ಕದ ಮನೆಯ ಮುದುಕಿಯೊಬ್ಬಳು, ಬೈದುಕೊಂಡೇ ಆದರೂ, ದಿನಾ ಹಾಕುತ್ತಿದ್ದಳು.

ಹಿಂದಿನ ಸಂಜೆ ಲಿಂಗಸುಗೂರಿನಿಂದ ಬಂದ ಉಪದೇಶಿಗಳು ಸಮಾರ್ಯದ ಹೆಂಗಸಿನ ಕಥೆ ಹೇಳಿದ್ದರು. ದಣಿದ ಸ್ವಾಮಿ ನಡುಹಗಲು ಬಾವಿಯ ಬಳಿ ಕುಳಿತು, ತನ್ನವರು ಯಾರೂ ನೀರು ಕೇಳದ ಕುಲದವಳ ಹತ್ತಿರ ನೀರು ಕೇಳಿದ. ಅವಳು ಕೊಡ ಅಲ್ಲೇ ಬಿಟ್ಟು ಊರೊಳಗೆ ಹೋಗಿ ಎಲ್ಲರಿಗೂ ಅವನ ಸುದ್ದಿ ಹೇಳಿದಳು. ನನಗೆ ಆ ಕೊಡದ್ದೇ ಚಿಂತೆ. ಅದನ್ನು ಆಮೇಲೆ ಯಾರು ತಂದರು?

ಅದನ್ನೇ ಯೋಚಿಸುತ್ತ ಹೊರಗೆ ಬಂದರೆ, ನಮ್ಮ ಬೇವಿನ ಬುಡದಲ್ಲಿ ಅದೇ ಮುದುಕಿ ಕುಸಿದು ಕೂತಿದ್ದಳು. ಅವರ ಹೊಲದ ಕಾಲುದಾರಿ ನಮ್ಮ ಕೇರಿಯ ಅಂಚಿನಲ್ಲೇ ಹೋಗುತ್ತದೆ. ಬಿಸಿಲಿಗೆ ತುಟಿ ಬಿಳಿಚಿಕೊಂಡಿತ್ತು.

"ನೀರು ಕೊಡ ಬೇ."

"ಯವ್ವಾ, ಇದು ನಮ್ಮನಿ ನೀರ್ರೀ..."

"ಮುಂಜಾನಿ ನಿನ್ನ ಕೊಡಕ್ಕ ಹಾಕಿದಾಕಿ ನಾನ ಅಲ್ಲೇನು? ಅದ ನೀರು ತಾ. ಜೀವ ಹೋಗಾಕತ್ತೈತಿ."

ನೀರು ತುಂಬಿ ತಂದ ಚರಿಗೆ ಕೊಡಲು ಹೋದೆ. ತಲೆ ಅಲ್ಲಾಡಿಸಿ ಬೊಗಸೆ ಒಡ್ಡಿದಳು. ಅವಳು ಕುಳಿತಿದ್ದಳು, ನಾನು ನಿಂತಿದ್ದೆ. ತಾಗದಂತೆ ಎತ್ತರದಿಂದ ಸುರಿದೆ. ಮೂರು ಚರಿಗೆ ಕುಡಿದಳು. ಸ್ವಲ್ಪ ಹೊತ್ತಿಗೆ ಎದ್ದು ಸೆರಗು ಕೊಡವಿದಳು.

"ಇದು ಯಾರ ಕಿವಿಗೂ ಬೀಳಬಾರ್ದು ನೋಡ. ಬಿತ್ತಂದ್ರ ನನ್ನ ಮಗ ನನ್ನ ಒಳಗ ಕರಕೊಳ್ಳಂಗಿಲ್ಲ. ನಿಮಗ ನೀರು ಹಾಕಾವ್ರು ಮತ್ತ ಯಾರದಾರ?"

ಸಂಜೆ ಬಾವಿಗೆ ಹೋದಾಗ ಅವಳೇ ಇದ್ದಳು. "ಹಿಂದಕ್ಕ ಸರೀ, ಬಾವಿ ಕಟ್ಟಿಗೆ ತಾಗೀಯ!" ಎಂದು ಗದರಿ, ಎಂದಿನ ಎತ್ತರದಿಂದಲೇ ಸುರಿದಳು. ನನಗೆ ಸಿಟ್ಟು ಬರಲಿಲ್ಲ, ಸಮಾಧಾನವೂ ಆಗಲಿಲ್ಲ.

ದೀಪ ಹಚ್ಚಿದ ಮೇಲೆ ಪ್ರಾರ್ಥನೆ. "ನಿನ್ನಿ ಕಥಿ ನಿಮ್ಮ ಬಾಳುವ್ಯಾಗ ಎಲ್ಲೆರ ಕಂಡೀರೇನು? ಸಾಕ್ಷಿ ಹೇಳ್ರಿ," ಎಂದು ಉಪದೇಶಿಗಳು ನನ್ನ ಕಡೆ ನೋಡಿದರು. ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಆಕೀನ ಏನ್ ಕೇಳ್ತೀರಿ?" ಎಂದರು ಅತ್ತೆ. "ನಿನ್ನಿಯಿಂದ ಆ ಕೊಡ ಏನಾತು, ಆ ಕೊಡ ಏನಾತು ಅಂತ ನನ್ನ ತಲಿ ತಿಂದಾಳ!"

ಎಲ್ಲರೂ ನಕ್ಕರು. ನಾನೂ ನಕ್ಕು ಸುಮ್ಮನಾದೆ.

ತಲೆ ನರೆತರೂ ಅದು ನನಗೆ ಬಗೆಹರಿದಿಲ್ಲ. ನೀರು ಕೇಳಿದವಳು ಆ ಮುದುಕಿ. ಸ್ವಾಮಿ ಅವಳಾಗಿ ಬಂದನೆಂದರೆ, ಸಂಜೆ ಗದರಿದವಳು ಯಾರು? ಮುಂಜಾನೆ ಕೊಡ ಇಟ್ಟು ನಿಂತು ಕೇಳಿದವಳು ನಾನಲ್ಲವೇ? ಕಥೆಯ ಹೆಂಗಸು ಊರಿಗೆಲ್ಲ ಹೇಳಿದ್ದರಿಂದ ಊರಿಗೆ ಒಳ್ಳೆಯದಾಯಿತು. ನಾನು ಹೇಳಿದ್ದರೆ ಮುದುಕಿಗೆ ಮನೆ ಇಲ್ಲ, ಕೇರಿಗೆ ನೀರಿಲ್ಲ. ಬಾಯಿ ಮುಚ್ಚಿದ್ದು ಪ್ರೀತಿಯಿಂದಲೋ, ಬರೀ ಕೊಡದ ಚಿಂತೆಯಿಂದಲೋ?

ಅಂದು ಉಳಿದ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ ಉಂಡೆವು. ಗಂಡನಿಗೆ ಅದೇ ಚರಿಗೆಯಲ್ಲಿ ನೀರು ಕೊಟ್ಟೆ, ಅವನಿಗೂ ಹೇಳಲಿಲ್ಲ. ಅತ್ತೆ ಇನ್ನೊಮ್ಮೆ ಕೊಡದ ಮಾತೆತ್ತಿ ನಕ್ಕು, ಎಲ್ಲರಿಗಿಂತ ಮೊದಲು ಮಲಗಿದರು.