ಆನೆಯ ಹಿಂಗಾಲು

ಬೀರೂ, ಆವತ್ತು ನಿನ್ನ ಅಪ್ಪ ಬಂದಿದ್ದ. ನಿನ್ನನ್ನು ನೋಡಲೆಂದೇ ಬಂದಿದ್ದ. ನಾನು ಕಣ್ಣಾರೆ ಕಂಡೆ, ಕಂಡೂ ನಿನಗೆ ಸುಳ್ಳು ಹೇಳಿದೆ. ಇಷ್ಟು ಬರೆಯಲು ನನಗೆ ಅರ್ಧ ಆಯುಷ್ಯ ಹಿಡಿಯಿತು — ಉಳಿದದ್ದನ್ನೂ ಮುಚ್ಚಿಡದೆ ಹೇಳುತ್ತೇನೆ.

ಇಚಲಕರಂಜಿಯ ಹೊರಗಿದ್ದ ನಮ್ಮ ಆಟದ ತೋಟದ ಮೆರವಣಿಗೆಗಳ ಕಥೆಯನ್ನು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ, ಕೇಳದವರನ್ನೂ ಕೂರಿಸಿ ಹೇಳುತ್ತೇನೆ. ಎಪ್ಪತ್ತರ ದಶಕದ ಮೊದಲಿಗೆ ರವಿವಾರ ಸಂಜೆ ಇದ್ದದ್ದು ಒಂದು ಎತ್ತಿನ ಗಾಡಿ, ಕಾಗದದ ಹೂ, ಬಾರಿಸಲು ಎರಡು ಹಲಗಿ. ತಿರುಗುವ ತೊಟ್ಟಿಲಿಗೆ ಒಂದು ಸುತ್ತು ಹಾಕಿದರೆ ಮುಗಿಯಿತು. ಆಮೇಲೆ ಸೈಕಲ್ ಗಾಲಿಯ ಮೇಲೆ ನವಿಲು ಬಂತು, ಕೈಗಾಡಿಯ ಮೇಲೆ ಹಡಗು ಬಂತು, ರಾಜ ರಾಣಿ ಬಂದರು, ಕೊನೆಗೆ ಟ್ರ್ಯಾಕ್ಟರಿನ ಮೇಲೆ ಬಣ್ಣದ ದೀಪಗಳೂ ಬಂದವು. ಗಡಹಿಂಗ್ಲಜದಿಂದ ಶಾಲೆಯ ಮಕ್ಕಳು ಬಸ್ಸು ತುಂಬಿ ಬರುತ್ತಿದ್ದರು. ಏನೇ ಬರಲಿ, ಮಂದಿ ಕಾಯುತ್ತಿದ್ದದ್ದು ನಮ್ಮ ಆನೆಗೆ. ಗೋಣಿತಟ್ಟು, ಮಗ್ಗದ ಚಿಂದಿ ಸೇರಿಸಿ ನಾನು ಹೊಲಿದ ಆನೆ. ಮುಂಗಾಲು ನಾನು, ಹಿಂಗಾಲು ನೀನು.

ಖರೇ ಹೇಳಬೇಕೆಂದರೆ ಆನೆ ಅಂದರೆ ನೀನೇ. ನಾನು ಸೊಂಡಿಲು ಅಲ್ಲಾಡಿಸುತ್ತ ನಡೆಯುತ್ತಿದ್ದೆ, ಅಷ್ಟೇ. ನೀನು ಬಗ್ಗಿ, ನನ್ನ ಸೊಂಟದ ಪಟ್ಟಿ ಹಿಡಿದು, ಏನೂ ಕಾಣದ ಆ ಕತ್ತಲೆಯಲ್ಲಿ ಅದಕ್ಕೆ ಜೀವ ತುಂಬುತ್ತಿದ್ದೆ. ಕುರಿ ಕಾದು ಬೆಳೆದವನು ನೀನು. ಹಿಂಡಿನ ಮುಂದೆ ಟಗರು ಸೊಕ್ಕಿನಿಂದ ನಡೆಯುವ ನಡಿಗೆಯನ್ನೇ ಆನೆಗೆ ಕೊಟ್ಟಿದ್ದೆ. ಅಳುವ ಕೂಸು ಕಂಡಿತೆಂದು ನಾನು ಹೇಳಿದರೆ ಸಾಕು, ಹಿಂಗಾಲು ಮಡಿಸಿ ಧೊಪ್ಪೆಂದು ಕೂತುಬಿಡುತ್ತಿದ್ದೆ. ಅಬ್ಬಾ, ಆಗಿನ ಆ ನಗು! ಅಂಥ ಹಿಂಗಾಲು ನಾನು ಮತ್ತೆಲ್ಲೂ ಕಂಡಿಲ್ಲ.

ಕುರಿ ಬಿಟ್ಟು ಸೋಗು ಹಾಕಲು ಹೋದನೆಂದು ಅಪ್ಪ ನಿನ್ನೊಡನೆ ಮಾತು ಬಿಟ್ಟಿದ್ದ. ಉಣ್ಣುವಾಗಲೂ ನಿನಗೆ ಅದೇ ಕೊರಗು. ಕೊನೆಗೆ ನೀನು ಅಪ್ಪನಿದ್ದ ದತ್ತವಾಡಕ್ಕೆ ಹೇಳಿ ಕಳಿಸಿದೆ — ಒಂದು ರವಿವಾರ ಬಾ, ನಿನ್ನ ಮುಂದೆ ಆನೆ ಹಿಂಗಾಲು ಮಡಿಸಿದರೆ ನಾನು ನಿನ್ನ ಕಾಲಿಗೆ ಬಿದ್ದೆನೆಂದು ತಿಳಿ, ಎಂದು. ಅಪ್ಪ ಕಂಡರೆ ಹೇಳಬೇಕೆಂದು ನನ್ನಿಂದ ಮಾತು ತಗೊಂಡೆ. ಅವನು ಕರೆದರೆ ಮರುದಿನವೇ ಊರಿಗೆ ಹೋಗುತ್ತೇನೆ ಎಂದೂ ಅಂದೆ. ಆ ಮಾತು ನನ್ನ ಎದೆಯಲ್ಲಿ ಕೂತಿತು.

ಅವನು ಬಂದ ದಿನವೇ ಕೊಲ್ಹಾಪುರದಿಂದ ದೊಡ್ಡ ಪ್ರದರ್ಶನದವರೂ ಬಂದಿದ್ದರು, ನಮ್ಮ ಆನೆಯನ್ನು ಆರಿಸಲು. ನೀನಿಲ್ಲದೆ ಯಾವ ಆನೆ, ಯಾವ ಕೊಲ್ಹಾಪುರ...

ಗೇಟಿನ ಹತ್ತಿರ, ಹಗ್ಗದ ಆಚೆ, ನಿನ್ನ ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತಿದ್ದ. ಹಿಂದಿನಿಂದ ನೀನು ಕೇಳಿದೆ.

“ಮಲ್ಲೂ, ಅಪ್ಪ ಬಂದಾನೇನ ನೋಡೊ.”

“ಬಂದಿಲ್ಲ. ನಡಿ.”

ಎರಡೇ ಮಾತು. ಎಷ್ಟು ಸಲೀಸಾಗಿ ಬಂದವು ನೋಡು.

ನಾನು ಹೆಜ್ಜೆ ಜೋರು ಮಾಡಿದೆ. ಆಗ ಅವನು ಹಗ್ಗ ದಾಟಿ ಬಂದ. ಮುಂಡಾಸಿನ ಮಡಿಕೆಯಿಂದ ಬೀರದೇವರ ಭಂಡಾರ, ಹರಸುವಾಗ ತೂರುವ ಆ ಅರಿಶಿನ ಪುಡಿ, ಮುಷ್ಟಿ ತುಂಬ ತೆಗೆದು ಆನೆಯ ಹಿಂಭಾಗಕ್ಕೆ ತೂರಿದ. ಏನೋ ಹೇಳಿದ, ತುಟಿ ಅಲುಗಿದ್ದು ಕಂಡೆ, ಹಲಗಿಯ ಸದ್ದಿನಲ್ಲಿ ಮಾತು ಕೇಳಲಿಲ್ಲ. ಆಮೇಲೆ ಅಲ್ಲೇ ನಿಂತ. ಆನೆ ಕೂರುವುದನ್ನು ಕಾಯುತ್ತಿದ್ದ, ಬೀರೂ. ತಿರುವಿನಲ್ಲಿ ನಾನು ಓರೆಯಾಗಿ ನೋಡಿದಾಗಲೂ ಕಾಯುತ್ತಲೇ ಇದ್ದ. ಇನ್ನೊಂದು ಸುತ್ತು ಬರುವಷ್ಟರಲ್ಲಿ ಆ ಜಾಗ ಖಾಲಿಯಾಗಿತ್ತು.

ಆನೆ ಕಳಚಿದಾಗ ಹಳದಿ ಬಣ್ಣ ಕಂಡು ನೀನು, ಭಂಡಾರ ಯಾರು ಹಾಕಿದರೆಂದು ಕೇಳಿದೆ. ಯಾರೋ ದೇವರ ಮಂದಿ ಎಂದು ನಾನು ಅಂದೆ. ನೀನು ಒಂದು ಚಿಟಿಕೆ ತೆಗೆದು ಹಣೆಗೆ ಹಚ್ಚಿಕೊಂಡೆ — ಯಾರದೆಂದು ತಿಳಿಯದೆಯೇ. ಉಳಿದದ್ದನ್ನು ನಾನು ನಲ್ಲಿಯ ಕೆಳಗೆ ತೊಳೆದುಬಿಟ್ಟೆ.

ಕೊಲ್ಹಾಪುರದಲ್ಲಿ ನಿನ್ನ ಹಿಂಗಾಲಿಗೆ ಬಿದ್ದ ಚಪ್ಪಾಳೆ ಈಗಲೂ ನನ್ನ ಕಿವಿಯಲ್ಲಿದೆ. ಎಂಬತ್ತರ ದಶಕದ ಕೊನೆಗೆ ಮಂದಿ ರವಿವಾರ ಟಿವಿಯ ಮುಂದೆ ಕೂತರು, ಮೆರವಣಿಗೆ ನಿಂತಿತು. ನೀನು ಊರಿಗೆ ಹೋಗುವ ಹೊತ್ತಿಗೆ ಅಪ್ಪ ತೀರಿಕೊಂಡಿದ್ದ. ಬಂದು ಹೋದದ್ದನ್ನು ಅವನು ಯಾರಿಗೂ ಹೇಳಿದಂತಿಲ್ಲ. ಮಗ ಸೊಕ್ಕಿನಿಂದ ಮಣಿಯಲಿಲ್ಲವೆಂದು ತಿಳಿದೇ ಹೋದನೋ ಏನೋ. ನಾನು ನಿಮ್ಮ ಮನೆಗೆ ಬಂದಾಗಲೆಲ್ಲ ನೀನು, ಅಪ್ಪ ಒಂದು ಸಲವೂ ಬರಲಿಲ್ಲ ನೋಡು ಅನ್ನುತ್ತೀ. ನಾನು ತಲೆ ತಗ್ಗಿಸಿ ಚಹ ಕುಡಿಯುತ್ತೇನೆ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಈ ರವಿವಾರ ಬರುತ್ತೇನೆ. ಕಾಗದದಲ್ಲಿದ್ದದ್ದನ್ನು ನಿನ್ನ ಎದುರಿಗೆ ನಿಂತು, ಚಹ ಮುಟ್ಟುವ ಮೊದಲು ಬಾಯಿಬಿಟ್ಟು ಹೇಳುತ್ತೇನೆ —

“ಬೀರೂ, ಅಪ್ಪ ಬಂದಿದ್ದ. ಆ ಭಂಡಾರ ನಿನ್ನ ಬೆನ್ನಿಗೆ ಹಾಕಿದ್ದ.”