ಇಳಿಜಾರಿನಲ್ಲಿ ಗೇರು ಹಾಕಿದ ಅತ್ತೆ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಗಡಿಯಾರ ಕಟ್ಟಿದ್ದ ಕೈಯಿಂದಲೇ ಲಾರಿಯ ಬಾಗಿಲನ್ನು ಬಿಗಿಹಿಡಿದಿದ್ದರಿಂದ ಮುಳ್ಳುಗಳು ಎಲ್ಲಿದ್ದವೆಂದು ಇವತ್ತಿಗೂ ಹೇಳಬಲ್ಲೆ. ಪಕ್ಕದಲ್ಲಿ ಸ್ಟೀರಿಂಗ್ ಹಿಡಿದು ಕೂತವಳು ನನ್ನ ಸೋದರತ್ತೆ. ಸೆರಗನ್ನು ಸೊಂಟಕ್ಕೆ ಬಿಗಿದು, ಕೊರಳ ಲಿಂಗ ಸ್ಟೀರಿಂಗಿಗೆ ತಾಗದಿರಲೆಂದು ವಸ್ತ್ರದಲ್ಲಿ ಸುತ್ತಿ ತೋಳಿಗೆ ಕಟ್ಟಿಕೊಂಡಿದ್ದಳು. ನರ ಉಬ್ಬಿದ ಅವಳ ಎಡಗೈ ಗೇರಿನ ಕೋಲನ್ನು ತಳ್ಳುತ್ತಿತ್ತು. ಕೋಲು ಹೋಗಲೊಲ್ಲದು. ಹಿಂದೆ ಐವತ್ತು ಮೂಟೆ ಭತ್ತ. ಮುಂದೆ ಇಳಿಜಾರು. ಅದರ ಬುಡದಲ್ಲಿ ರಸ್ತೆ ಬಲಕ್ಕೆ ತಿರುಗಿ ಕೆರೆ ಏರಿಯ ಮೇಲೆ ಹೋಗುತ್ತದೆ. ತಿರುಗದಿದ್ದರೆ ನೀರು.

ಲಾರಿ ಆಗ ಯಾವ ಗೇರಿನಲ್ಲೂ ಇರಲಿಲ್ಲ. ಅದನ್ನು ಹಾಗೆ ಬಿಡಿಸಿದವನು ನಾನು.

ಕ್ಯಾಸನೂರಿನ ಕಾಡಿನಲ್ಲಿ ಕಾಯಿಲೆ ಬಿದ್ದು ಮಂಗಗಳು ಸತ್ತ ವರ್ಷದ ಮರುವರ್ಷ ಅದು. ಮಾವ ತೀರಿಕೊಂಡು ಮೂರು ತಿಂಗಳಾಗಿತ್ತು. ಅವನು ಬಿಟ್ಟುಹೋದದ್ದು ಯುದ್ಧಕಾಲದ ಒಂದು ಹಳೆಯ ಲಾರಿ. ಅತ್ತೆಯ ಮೈದುನ ಮೊದಲು ಅದರ ಡ್ರೈವರನನ್ನು ತನ್ನ ಕಡೆಗೆ ಎಳೆದುಕೊಂಡ, ಆಮೇಲೆ ಹಿರಿಯರನ್ನು ಕೂರಿಸಿದ.

"ಲಾರಿ ಇವಳಿಗೆ ಯಾಕ್ರೀ? ನಡೆಸೋರು ಯಾರು? ನಿಲ್ಲಿಸಿಕೊಂಡು ಪೂಜೆ ಮಾಡ್ತಾಳಾ?"

"ನಾನೇ ನಡೆಸ್ತೀನಿ" ಎಂದಳು ಅತ್ತೆ.

ಕೂತವರೆಲ್ಲ ನಕ್ಕರು. ಅವಳು ಕಂಬಕ್ಕೆ ಒರಗಿ ನಿಂತು, "ನಕ್ಕು ಮುಗಿಸಿ. ನಂಗೇನು ಅವಸರ ಇಲ್ಲ" ಎಂದಳು.

ಕೊನೆಗೆ ಹಿರಿಯರು ಹೇಳಿದ್ದಿಷ್ಟು: ಈ ಸುಗ್ಗಿಯಲ್ಲಿ ಹೊಸಬಾಳೆ ಊರಿನ ನಾಲ್ಕು ಲೋಡು ಭತ್ತವನ್ನು ಅವಳೇ ಶಿಕಾರಿಪುರದ ಮಿಲ್ಲಿಗೆ ಮುಟ್ಟಿಸಿದರೆ ಲಾರಿ ಅವಳದು, ಇಲ್ಲದಿದ್ದರೆ ಮೈದುನನದು.

ಕಲಿಸಲು ಒಪ್ಪಿದವನು ಸೊರಬದ ಬಸ್ ಸ್ಟ್ಯಾಂಡಿನ ಹಿಂದೆ ಇದ್ದ ಒಬ್ಬ ಮುದುಕ ಡ್ರೈವರು. ಕಣ್ಣಿಗೆ ಪೊರೆ ಬಂದು ಬಸ್ಸು ನಡೆಸುವುದನ್ನು ನಿಲ್ಲಿಸಿದವನು. "ಹೋಗಿರೋದು ಕಣ್ಣು ರೀ, ಕಿವಿ ಅಲ್ಲ" ಎನ್ನುತ್ತಿದ್ದ. ಕೊಯ್ಲಾದ ಗದ್ದೆಯಲ್ಲಿ ಅಭ್ಯಾಸ. ಆ ಲಾರಿಗೆ ಕ್ಲಚ್ಚನ್ನು ಒಮ್ಮೆ ಒತ್ತಿದರೆ ಸಾಲದು. ಒತ್ತಿ ಗೇರು ಬಿಡಿಸಬೇಕು, ಕ್ಲಚ್ ಬಿಡಬೇಕು, ಕೆಳಗಿನ ಗೇರಿಗೆ ಇಳಿಸುವುದಾದರೆ ನಡುವೆ ಆಕ್ಸಿಲರೇಟರ್ ಕೊಟ್ಟು ಎಂಜಿನ್ನಿನ ವೇಗ ಏರಿಸಬೇಕು, ಮತ್ತೆ ಕ್ಲಚ್ ಒತ್ತಿ ಕೋಲು ತಳ್ಳಬೇಕು. ಕ್ಷಣ ತಪ್ಪಿದರೆ ಒಳಗಿನ ಹಲ್ಲುಗಳು ಕಿರುಚುತ್ತವೆ. ಮೊದಲ ನಾಲ್ಕು ದಿನ ಬರೀ ಕಿರುಚಾಟ. ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದ ನಾನು ಹಲ್ಲುಚಕ್ರಗಳ ಚಿತ್ರ ಬರೆದು ವಿವರಿಸಿದೆ. ಅತ್ತೆ ಆ ಹಾಳೆಯ ಮೇಲೆ ಹುರಿದ ಶೇಂಗಾ ಸುರಿದುಕೊಂಡು ತಿಂದಳು.

ಐದನೆಯ ದಿನ ಮುದುಕ ಕೇಳಿದ: "ಅಮ್ಮಾ, ಇಬ್ಬರು ಸೇರಿ ಒಂದೇ ಒರಳಿಗೆ ಭತ್ತ ಕುಟ್ಟೀರೇನು?"

"ಕೈಗೆ ಒನಕೆ ಹಿಡಿಸಿದಾಗಿಂದ."

"ಎದುರಿನವಳ ಒನಕೆ ಮೇಲೆ ಹೋಗುವಾಗ ನಿಮ್ಮದು ಬೀಳಬೇಕು. ಅವಳ ಒನಕೆ ನೋಡ್ತಾ ಕೂತ್ರೆ ಕುಟ್ಟೋಕಾಗ್ತದಾ? ಕೇಳಿಸ್ಕೊಂಡು ಹಾಕ್ತೀರಿ. ಇದೂ ಅಷ್ಟೇ."

ಅತ್ತೆ ಸೆರಗು ಬಿಗಿದಳು. ಲಾರಿ ಹೊರಡಿಸಿದಳು. ಕುಟ್ಟುವ ಹೆಂಗಸರು ಬಿಡುವ ಉಸಿರಿನ ಹಾಗೆ "ಹುಂ" ಎಂದು ಗೇರು ಬಿಡಿಸಿದಳು, "ಹುಂ" ಎಂದು ಆಕ್ಸಿಲರೇಟರ್ ಕೊಟ್ಟಳು, ಮೂರನೆಯ "ಹುಂ"ಗೆ ಕೋಲು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಮುದುಕ ಬೀಡಿ ಹಚ್ಚಿದ.

ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿ, ಬೆರಳಲ್ಲಿ ಉಳಿದದ್ದನ್ನು ಸ್ಟೀರಿಂಗಿಗೆ ಒರೆಸಿ ಹೊರಡುತ್ತಿದ್ದಳು. ಸೊರಬದ ಪೇಟೆಯಲ್ಲಿ ಒಬ್ಬ ಕಿಚಾಯಿಸಿದ: "ಏನಕ್ಕಾ, ಗಾಡಿ ಹೂಡೋಕೆ ಎತ್ತು ಸಿಗಲಿಲ್ವಾ?"

"ಹುಡುಕ್ತಾ ಇದೀನಿ. ನೀನು ಬಿಡುವಾಗಿದ್ಯೇನಪ್ಪ?"

ಮೂರು ಲೋಡು ಮುಟ್ಟಿತು. ಉಳಿದದ್ದು ಒಂದೇ. ಆ ದಿನ ಮುದುಕನಿಗೆ ಜ್ವರ, ಅವನ ಜಾಗದಲ್ಲಿ ನಾನು ಕೂತೆ. ಇಳಿಜಾರು ಬಂದಾಗ ಪೆಟ್ರೋಲ್ ಉಳಿಸಲು ಗೇರು ಬಿಡಿಸಿ ಲಾರಿಯನ್ನು ಹರಿಯಬಿಡುವುದು ನಮ್ಮ ಕಡೆಯ ಡ್ರೈವರುಗಳ ರೂಢಿ. ಅದಕ್ಕೆ 'ಫ್ರೀ ಬಿಡೋದು' ಎನ್ನುತ್ತಿದ್ದರು.

"ಇಲ್ಲಿ ಎಲ್ಲರೂ ಫ್ರೀ ಬಿಡ್ತಾರೆ ಅತ್ತೆ" ಎಂದೆ.

"ಮುದುಕ ಬೇಡ ಅಂದಾನೆ."

"ಮುದುಕನಿಗೆ ಹೆದರಿಕೆ."

ಆ ಮಾತನ್ನು ಅವಳೆದುರು ಆಡಬಾರದಿತ್ತು. ಹೆದರಿಕೆ ಎಂದರೆ ಅವಳಿಗೆ ಆಗುತ್ತಿರಲಿಲ್ಲ. ಕೋಲು ಎಳೆದು ಫ್ರೀ ಬಿಟ್ಟಳು.

ಲಾರಿಯ ಗದ್ದಲ ಅಡಗಿತು. ಗಾಳಿಯ ಸದ್ದು, ಮೂಟೆಗಳು ಒಂದಕ್ಕೊಂದು ಒತ್ತುವ ಸದ್ದು ಮಾತ್ರ. ವೇಗ ಏರಿತು. ಅತ್ತೆ ಬ್ರೇಕು ತುಳಿದಳು, ಹಿಡಿದಂತೆ ಮಾಡಿ ಬಿಟ್ಟಿತು. ಮತ್ತೆ ತುಳಿದಾಗ ಪೆಡಲು ನೆಲ ಮುಟ್ಟಿತು. ಕೈಬ್ರೇಕು ಮೊದಲಿನಿಂದಲೂ ಅಲಂಕಾರಕ್ಕೇ ಇದ್ದದ್ದು. ಗೇರು ತಳ್ಳಿದಳು, ಹಲ್ಲುಗಳು ಕಿರುಚಿದವು. ಏರಿಯ ಮೇಲೆ ಎತ್ತಿನ ಗಾಡಿಗಳೆರಡು ಎದುರಿಗೆ ಬರುತ್ತಿದ್ದವು.

"ಹಾರೋಣ ಅತ್ತೆ! ಹಾರು!"

"ಬಾಯಿ ಮುಚ್ಚು. ಕೇಳಿಸ್ತಾ ಇಲ್ಲ."

ಅವಳು ರಸ್ತೆಯನ್ನು ನೋಡುತ್ತ ಎಂಜಿನ್ನನ್ನು ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ ಮಾಡಿದ್ದನ್ನು ಕಂಡು ಇವಳಿಗೆ ತಲೆ ಕೆಟ್ಟಿತು ಎಂದೇ ತಿಳಿದೆ. ಕೈಮೀರಿ ಓಡುತ್ತಿದ್ದ ಲಾರಿಯಲ್ಲಿ ಬ್ರೇಕಿನ ಮೇಲಿನ ಕಾಲು ತೆಗೆದು ಆಕ್ಸಿಲರೇಟರನ್ನು ಪೂರ್ತಿ ಒತ್ತಿದಳು. ಎಂಜಿನ್ ಭೋರಿಟ್ಟಿತು. "ಹುಂ." ಕೋಲು ಒಳಗೆ ಬಿತ್ತು. ಯಾರೋ ಹಿಂದಿನಿಂದ ಹಗ್ಗ ಹಾಕಿ ಜಗ್ಗಿದಂತೆ ಲಾರಿ ತಡೆಯಿತು. ನನ್ನ ಹಣೆ ಗಾಜಿಗೆ ಬಡಿಯಿತು. ಮತ್ತೊಂದು "ಹುಂ", ಇನ್ನೂ ಕೆಳಗಿನ ಗೇರು. ಏರಿಗೆ ತಿರುಗುವಾಗ ನಾವು ಎತ್ತಿನ ನಡಿಗೆಯಲ್ಲಿದ್ದೆವು. ಮುಂದಿನ ಗಾಡಿಯವನು ನಮ್ಮ ವಂಶವನ್ನೆಲ್ಲ ಬೈದ.

ಏರಿ ದಾಟಿದ ಮೇಲೆ ಅವಳು ಹೇಳಿದ್ದು ಒಂದೇ ಮಾತು: "ಹಾರು ಅಂದ್ಯಲ್ಲ, ಹಾರಿದ್ರೆ ಲಾರಿ ಯಾರ ಪಾಲಾಗ್ತಿತ್ತು?"

"ಕೆರೆ ಪಾಲು."

"ಕೆರೆ ಆದ್ರೆ ಕೊಡಬಹುದಿತ್ತು. ಮೈದುನನ ಪಾಲಾಗ್ತಿತ್ತು."

ಮಿಲ್ಲಿನ ಬಾಗಿಲಲ್ಲಿ ಮೈದುನ ನಿಂತಿದ್ದ. ನನ್ನ ಹಣೆಯ ರಕ್ತ ಕಂಡು ಏನಾಯಿತೆಂದು ಕೇಳಿದ. "ತೂಕಡಿಸಿ ತಲೆ ಹೊಡಕೊಂಡ" ಎಂದು ಅತ್ತೆ ಮೂಟೆ ಇಳಿಸಲು ಹಮಾಲರನ್ನು ಕೂಗಿದಳು.

ಆ ವಾರವೆಲ್ಲ ನನಗೆ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಎಂಜಿನ್ ಅಡಗಿದ ಆ ನಿಶ್ಶಬ್ದ ಬರುತ್ತಿತ್ತು, ಅದರ ಹಿಂದೆ ನನ್ನದೇ ದನಿ, ಎಲ್ಲರೂ ಫ್ರೀ ಬಿಡ್ತಾರೆ ಎಂದು. ಈಗಲೂ ಒಮ್ಮೊಮ್ಮೆ ಹಗಲಲ್ಲೇ ಬರುತ್ತದೆ.

ಅತ್ತೆ ಆಮೇಲೆ ಹನ್ನೊಂದು ವರ್ಷ ಲಾರಿ ನಡೆಸಿದಳು. ಮಂಡಿ ಹಿಡಿದುಕೊಂಡ ಮೇಲೆ ಬಿಟ್ಟಳು. ಹಾಸಿಗೆ ಹಿಡಿದಾಗಲೂ ದಾರಿಯಲ್ಲಿ ಲಾರಿ ಹೋದರೆ, "ತಡ ಮಾಡ್ದ ನೋಡು, ಗೇರು ನೋಯ್ತು" ಎನ್ನುತ್ತಿದ್ದಳು. ಹಾಗೆ ಹೇಳುತ್ತಲೇ ಒಂದು ಬೇಸಿಗೆಯಲ್ಲಿ ಹೋದಳು.

ಆದರೆ ಆ ಹನ್ನೊಂದು ವರ್ಷ ಸುಮ್ಮನೆ ಸಿಕ್ಕದ್ದಲ್ಲ. ಸುಗ್ಗಿ ಮುಗಿದು ಹಿರಿಯರು ಮತ್ತೆ ಕೂತಾಗ ಮೈದುನ ಏರಿಯ ಮೇಲೆ ಬೈದಿದ್ದ ಗಾಡಿಯವನನ್ನೇ ಕರೆತಂದಿದ್ದ. "ಲಾರಿ ಇವಳ ಕೈ ಮೀರಿತ್ತು. ಹುಡುಗನ್ನ ಕೊಲ್ತಿದ್ಲು. ಹೌದೋ ಅಲ್ವೋ ಕೇಳ್ರಿ." ಗಾಡಿಯವನು ಹೌದೆಂದ. ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅವಳು ನನ್ನ ಕಡೆ ನೋಡಲೇ ಇಲ್ಲ. "ಫ್ರೀ ಬಿಟ್ಟಿದ್ದೆ, ತಪ್ಪಾಯ್ತು" ಎಂದಷ್ಟೇ ಹೇಳಿದಳು.

ಎದ್ದು ನಿಂತೆ. "ಫ್ರೀ ಬಿಡು ಅಂದವನು ನಾನು. ಮುದುಕ ಬೇಡ ಅಂದಿದ್ದ, ಅತ್ತೆ ಅದನ್ನ ನೆನಪಿಸಿದಳು. ಹಾರೋಣ ಅಂದವನೂ ನಾನೇ. ಅವಳು ಹಾರಲಿಲ್ಲ, ಗೇರು ಹಾಕಿದಳು."

ಹಿರಿಯರಲ್ಲೊಬ್ಬರು ಗಾಡಿಯವನನ್ನು ಕೇಳಿದರು: "ಇಳಿಜಾರಿನಾಗೆ, ಅಷ್ಟು ಓಟದಾಗೆ ಗೇರು ಹಾಕಿದ್ಲಾ?"

"ಹಾಕಿದ್ಲು ರೀ. ನಾನೇ ಕೇಳ್ದೆ."

"ಹಂಗಾರೆ ಇನ್ನೇನಪ್ಪ ಪರೀಕ್ಷೆ?" ಎಂದು ಅವರು ಮೈದುನನ ಮುಖ ನೋಡಿದರು.

ಹೊರಗೆ ಬಂದಾಗ ಅತ್ತೆ ನನ್ನ ಹಣೆಯ ಗಾಯವನ್ನು ಬೆರಳಿಂದ ಒತ್ತಿ, "ಬಿ.ಎ. ಪಾಸಾದವನ ಮಾತು ಕೇಳಬಾರದು ಅಂತ ಈಗ ಊರಿಗೆಲ್ಲ ಗೊತ್ತಾಯ್ತು" ಎಂದಳು.

ಅಂದು ರಾತ್ರಿ ಊಟ ಮಾಡಿ ಮಲಗಿದವನಿಗೆ ಎಚ್ಚರವಾದದ್ದು ಬಿಸಿಲು ಮುಖಕ್ಕೆ ಬಿದ್ದಾಗ. ಲಾರಿ ನಿಲ್ಲಿಸುತ್ತಿದ್ದ ಜಾಗ ಖಾಲಿಯಿತ್ತು. ಅತ್ತೆ ನನ್ನನ್ನು ಎಬ್ಬಿಸದೆ ಒಬ್ಬಳೇ ಹೊರಟುಹೋಗಿದ್ದಳು.